ಎರಡು ಮನೆ, ಎರಡು ಫಾರಂ

ಜುಲೈ 6, ಭಾನುವಾರ. ಸಂಜೆ

ಇವತ್ತು ಐದು ಮನೆ. ಕುಣಿಗಲ್ ಕಡೇದು ಹೋದ ವಾರವೇ ಮುಗೀತು. ಇವತ್ತು ಗುಬ್ಬಿ, ಕೊನೇಗೆ ಸಿ.ಎಸ್. ಪುರ. ಸೊಂಟ ಬಿದ್ದುಹೋಗಿದೆ.

ಅಶ್ವಥ್ ಕಾರು. ಸ್ಕಾಲರ್‌ಶಿಪ್ ಸಮಿತಿ ಸೆಕ್ರೆಟರಿ ಅವನು, ಆದರೆ ಕಾರಿಂದ ಇಳಿಯಲ್ಲ. ಎಸಿ ಹಾಕ್ಕೊಂಡು ಫೋನಲ್ಲಿ ಮಾತು. ಮನೆ ಒಳಗೆ ಹೋಗೋದು, ನೋಡೋದು, ಫಾರಂ ತುಂಬೋದು ಎಲ್ಲಾ ನಾನು. ಗೋಡೆ, ಸೂರು, ಟಿವಿ, ಫ್ರಿಜ್ಜು, ಗಾಡಿ... ಇದ್ರೆ ರೈಟು, ಇಲ್ದಿದ್ರೆ ಇಂಟು. ನಮ್ಮ ಯಜಮಾನ್ರ ಹೆಸರಲ್ಲಿ ದುಡ್ಡು ಕೊಟ್ಟೆ ಅಂತ ಮೆಂಬರ್ ಮಾಡಿದ್ರು. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟೋಳು ಬಡ ಮಕ್ಕಳ ಸ್ಕಾಲರ್‌ಶಿಪ್ಪಿಗೆ ಮನೆ ತಪಾಸಣೆ ಮಾಡ್ತೀನಿ. ತುಮಕೂರಿನ ಬಟವಾಡೀಲಿ ಕ್ಯಾಂಟೀನ್ ಇಟ್ಟು ಮೂವತ್ತು ವರ್ಷ ಇಡ್ಲಿ ಬೇಯ್ಸಿದೀನಿ. ಯಾರಿಗೆ ಹಸಿವು ಅಂತ ಮುಖ ನೋಡಿ ಹೇಳ್ತೀನಿ. ಅದಕ್ಕೆ ಡಿಗ್ರಿ ಬೇಕಾ?

ಸಿ.ಎಸ್. ಪುರದಲ್ಲಿ ರಂಗರಾಜು ಅನ್ನೋರ ಮನೆ. ಮಗ ಸಿದ್ಧಾರ್ಥ್, ಇಂಜಿನಿಯರಿಂಗ್ ಸೇರ್ತಾನಂತೆ. ಮನೆ ಪರವಾಗಿಲ್ಲ, ಆದರೆ ಒಳಗೆ ಬಣಬಣ. ಒಂದು ಕುರ್ಚಿ ಬಿಟ್ರೆ ಏನಿಲ್ಲ. ಪಾಪ ಅನ್ನಿಸ್ತು. ಎಲ್ಲಾ ಇಂಟು ಹಾಕಿದೆ.

ಎರಡು ಮನೆ ದಾಟಿ ಇನ್ನೊಂದು ಹೆಸರು, ತನುಶ್ರೀ. ನರ್ಸಿಂಗ್. ಅದು ಮುಂದಿನ ಬುಧವಾರದ ಲಿಸ್ಟಲ್ಲಿತ್ತು. ಇಷ್ಟು ದೂರ ಬಂದಿದೀನಿ, ಮತ್ತೆ ಯಾವಳು ಬರ್ತಾಳೆ ಅಂತ ನುಗ್ಗಿದೆ. ತಾಯಿ ರಂಗಲಕ್ಷ್ಮಮ್ಮ ನನ್ನ ನೋಡಿದ್ದೇ ಬೆವತುಹೋದ್ಲು. ಮೂಲೇಲಿ ಏನೋ ಎತ್ತರಕ್ಕೆ ಹಳೇ ಸೀರೆ ಹೊದಿಸಿದ್ರು. ಎಳೆದೆ. ಫ್ರಿಜ್ಜು! ಬಾಗಿಲ ಮೇಲೆ ಹರಿದ ನವಿಲಿನ ಸ್ಟಿಕ್ಕರು. ಪಕ್ಕದಲ್ಲಿ ಈ ಅಗಲದ ಟಿವಿ. ಶೀಟಿನ ಮನೆಗೆ ಇಷ್ಟು ಶೋಕಿ. ಅದನ್ನ ಸೀರೆ ಹೊದಿಸಿ ಬಚ್ಚಿಟ್ಟು ಬೇರೆಯೋರ ದುಡ್ಡಿಗೆ ಕೈ ಚಾಚ್ತಾರೆ. ಹೆಂಗಸು ಒಂದು ಮಾತೂ ಆಡ್ಲಿಲ್ಲ. ಆಡೋಕೆ ಮುಖ ಬೇಕಲ್ಲ. ಹೊಸಿಲ ಮೇಲೆ ನಿಂತು ನಾಲ್ಕು ಬೈದು ಬಂದೆ.

ಎರಡು ರೈಟು. ಕೆಳಗೆ ಬರೆದೆ — "ಸುಳ್ಳು ಹೇಳುವ ಮನೆ. ಕೊಡಬಾರದು."

ಜುಲೈ 13, ಭಾನುವಾರ

ದೇವರಾಯನದುರ್ಗದಲ್ಲಿ ಶ್ರಮದಾನ. ಅರ್ಜಿ ಹಾಕಿದ ಮಕ್ಕಳೆಲ್ಲಾ ಬರಬೇಕು, ಬೆಟ್ಟದ ಪ್ಲಾಸ್ಟಿಕ್ ಆಯಬೇಕು. ಸಮಾಜಸೇವೆ ಕಲೀಲಿ ಅಂತ. ಅಧ್ಯಕ್ಷ ಅಂಜನಮೂರ್ತಿ ಹೊಸ ಗ್ಲೌಸು ಹಾಕ್ಕೊಂಡು ಒಂದು ಬಾಟ್ಲಿ ಎತ್ತಿದ್ರು. ಅದೇ ಬಾಟ್ಲಿ ಮೂರು ಸಲ ಎತ್ತಿದ್ರು, ಫೋಟೋ ಸರಿ ಬರಲಿಲ್ಲ ಅಂತ. ಆಮೇಲೆ ನೆರಳಲ್ಲಿ ಬೋಂಡ.

ಸಿದ್ಧಾರ್ಥ್ ಅನ್ನೋನು ಮಂಟಪದಲ್ಲಿ ಕೂತು ಫೋನ್ ತಿಕ್ತಿದ್ದ. ಆ ಫ್ರಿಜ್ಜು ಮನೆ ಹುಡುಗಿ ಮಾತ್ರ ಪೊದೆ ಒಳಗೆಲ್ಲಾ ನುಗ್ಗಿ ಎರಡು ಚೀಲ ತುಂಬಿದ್ಲು. ಕೈ ಮುಳ್ಳು ಗೀಚಿ ರಕ್ತ. ನಾಟಕ ಅನ್ಕೊಂಡೆ.

ಸ್ಕಾಲರ್‌ಶಿಪ್ ಸಿಕ್ಕಿದೋರ ಲಿಸ್ಟ್ ಅಲ್ಲೇ ಓದಿದ್ರು. ಅವನ ಹೆಸರು ಬಂತು. ಅವಳದಿಲ್ಲ. ಚೀಲದ ಬಾಯಿ ಕಟ್ಟಿ, ಟ್ರ್ಯಾಕ್ಟರಿಗೆ ಹಾಕಿ, ಬಸ್ಸಿಗೆ ನಡೆದ್ಲು. ಬೋಂಡ ತಿನ್ನಲಿಲ್ಲ.

ನಾಟಕ ಆಗಿದ್ರೆ ಎರಡನೇ ಚೀಲ ಯಾಕೆ ಹೊರ್ತಿದ್ಲು? ಲಿಸ್ಟ್ ಓದಿ ಆಗಿತ್ತಲ್ಲ.

ಜುಲೈ 16, ಬುಧವಾರ. ಮಧ್ಯಾಹ್ನ 3

ಆ ಹುಡುಗಿ ಕ್ಯಾಂಟೀನಿಗೆ ಬಂದಿದ್ಲು. ಒರಿಜಿನಲ್ ಮಾರ್ಕ್ಸ್ ಕಾರ್ಡ್ ವಾಪಸ್ ಬೇಕಂತೆ. ಅಶ್ವಥ್ ಫೋನ್ ಎತ್ತಲ್ಲ, ಅದಕ್ಕೆ ನನ್ನ ಹುಡುಕ್ಕೊಂಡು ಬಂದವಳೆ. ನರ್ಸಿಂಗ್ ಸೀಟು ಸಿಕ್ಕಿದೆ, ಇಲ್ಲೇ ತುಮಕೂರಲ್ಲಿ. 26ರ ಒಳಗೆ ಫೀಸು ಕಟ್ಟದಿದ್ರೆ ಸೀಟು ಬೇರೆಯೋರಿಗೆ. ಕಟ್ಟೋಕಾಗಲ್ಲ, ಗಾರ್ಮೆಂಟ್ಸಿಗೆ ಸೇರ್ತೀನಿ, ಅಲ್ಲಿ ಮಾರ್ಕ್ಸ್ ಕಾರ್ಡ್ ಕೇಳ್ತಾರೆ ಅಂದ್ಲು. ಅಳು ಇಲ್ಲ, ದೂರು ಇಲ್ಲ.

ನನ್ನ ಬಾಯಿ ಸುಮ್ಮನಿರುತ್ತಾ? ಫ್ರಿಜ್ಜು ಮಾರಿ ಫೀಸು ಕಟ್ಟು ಹೋಗೇ ಅಂದೆ. ಗಿರಾಕಿಗಳ ಮುಂದೆ.

ಹುಡುಗಿ ಬ್ಯಾಗು ಹೆಗಲಿಗೆ ಹಾಕ್ಕೊಂಡ್ಲು.

"ನಮ್ಮನೇಲಿ ಪ್ಲಗ್ ಪಾಯಿಂಟೇ ಇಲ್ಲ ಅಜ್ಜಿ. ಒಂದೇ ಬಲ್ಬು ಇರೋದು."

ಅಷ್ಟೇ. ಹೋದ್ಲು. ನಾನು ಸೌಟು ಹಿಡ್ಕೊಂಡು ನಿಂತೆ. ಆ ಮೂಲೆ ಕಣ್ಮುಂದೆ ಬಂತು. ಫ್ರಿಜ್ಜಿನ ವೈರು ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಮೇಲಿಟ್ಟಿದ್ರು. ನೋಡಿದ್ದೆ. ನೋಡಿಯೂ ನೋಡಲಿಲ್ಲ.

ಜುಲೈ 17, ಗುರುವಾರ

ಯಾರಿಗೂ ಫೋನ್ ಮಾಡದೆ ಬಸ್ ಹತ್ತಿದೆ. ಫ್ರೀ ಟಿಕೆಟ್. ಗುಬ್ಬೀಲಿ ಇಳಿದು ಇನ್ನೊಂದು ಬಸ್ಸು, ಸೀಟಿಲ್ಲ, ನಿಂತ್ಕೊಂಡೇ ಹೋದೆ.

ಮೊದಲು ರಂಗರಾಜು ಮನೆ ಮುಂದೆ ಹಾದೆ. ಬಾಗಿಲು ತೆಗೆದಿತ್ತು. ಸೋಫಾ, ಟಿವಿ, ಫ್ರಿಜ್ಜು. ಅದೇ ಫ್ರಿಜ್ಜು, ಬಾಗಿಲ ಮೇಲೆ ಅದೇ ಹರಿದ ನವಿಲಿನ ಸ್ಟಿಕ್ಕರು. ಅಂಗಳದಲ್ಲಿ ಬೈಕು. ಹೊಸದು.

ಆಮೇಲೆ ರಂಗಲಕ್ಷ್ಮಮ್ಮನ ಮನೆ. ಮೂಲೆ ಖಾಲಿ. ಪ್ಲಗ್ ಪಾಯಿಂಟ್ ಹುಡುಕಿದೆ, ನಾಲ್ಕೂ ಗೋಡೆ. ಇಲ್ಲ.

ಎಲ್ಲಾ ಹೇಳಿದ್ಲು. ಅಶ್ವಥ್ ಮನೆ ನೋಡೋಕೆ ಬರೋ ಮುಂಚೆ ಪ್ರತಿ ಮನೆಗೂ ಫೋನ್ ಮಾಡ್ತಾನಂತೆ, "ನಾಳೆ ಬರ್ತೀವಿ" ಅಂತ. ಸಾಮಾನಿದ್ದೋರು ಹಿಂದಿನ ದಿನ ಅಕ್ಕಪಕ್ಕದ ಮನೆಗೆ ಸಾಗಿಸ್ತಾರೆ. ಕುಣಿಗಲ್ಲಲ್ಲೂ ಹಂಗೇ, ಎಲ್ಲಾ ಕಡೇನೂ ಹಂಗೇ, ಊರಿಗೆಲ್ಲಾ ಗೊತ್ತು, ನಮಗೊಬ್ಬರಿಗೆ ಗೊತ್ತಿಲ್ಲ. ಇವಳು ರಂಗರಾಜು ತೋಟದಲ್ಲಿ ಕೂಲಿ. ನೀರೂ ಅವರ ಬೋರಿಂದು. ಫ್ರಿಜ್ಜು, ಟಿವಿ ಇಟ್ಕೊಳಮ್ಮ, ನಿಮ್ಮನೆಗೆ ಅವರು ಬರೋದು ಮುಂದಿನ ವಾರ ಅಂತ ರಂಗರಾಜು ಅಂದವ್ನೆ. ಇಲ್ಲ ಅನ್ನೋಕಾಗುತ್ತಾ? ಅದೇ ದಿನ ನಾನು ನುಗ್ಗಿದೆ.

ಈಗಲೇ ಅವನ ಬಾಗಿಲಲ್ಲಿ ನಿಂತು ಊರು ಸೇರಿಸ್ತೀನಿ ಅಂತ ಸೆರಗು ಸಿಗಿಸ್ಕೊಂಡೆ. ಕೈ ಹಿಡ್ಕೊಂಡ್ಲು.

"ನೀವು ಕೂಗಾಡಿ ಬಟವಾಡಿಗೆ ಹೋಗ್ತೀರ ಅಮ್ಮೋರೆ. ನಾಳೆ ಬೆಳಗ್ಗೆ ಬಿಂದಿಗೆ ಹಿಡ್ಕೊಂಡು ಅವರ ಬಾಗಿಲಿಗೆ ಹೋಗೋಳು ನಾನು. ಹುಡುಗಿ ಗಾರ್ಮೆಂಟ್ಸಿಗೆ ಹೋಗ್ಲಿ ಬುಡಿ."

ಅರವತ್ತಾರು ವರ್ಷದಲ್ಲಿ ಬಂದ ಸಿಟ್ಟನ್ನ ಯಾವತ್ತೂ ನುಂಗಿಲ್ಲ. ಇವತ್ತು ನುಂಗಿದೆ. ಗುಬ್ಬಿವರೆಗೂ ಎದೆ ಉರೀತಿತ್ತು.

ಜುಲೈ 19, ಶನಿವಾರ

ಅಶ್ವಥ್ ಮನೆಗೆ ಹೋದೆ. ಸಿ.ಎಸ್. ಪುರದ ಎರಡು ಮನೆ ಇನ್ನೊಂದು ಸಲ ನೋಡಬೇಕು ಅಂದೆ. ಯಾಕೆ ಅಂದ. ಯಾಕೆ ಅಂತ ಹೇಳಂಗಿಲ್ಲವಲ್ಲ. ಅನುಮಾನ ಅಂದೆ.

ಲಿಸ್ಟ್ ಆಗೋಯ್ತು ಗಂಗಮ್ಮನೋರೆ, ಫ್ಲೆಕ್ಸಿಗೆ ಕೊಟ್ಟಾಯ್ತು ಅಂದ. ನಲವತ್ತು ಮಕ್ಕಳ ಫೋಟೋ ಇರೋ ಫ್ಲೆಕ್ಸಂತೆ. ಅಧ್ಯಕ್ಷರ ಫೋಟೋ ಮಾತ್ರ ಮಕ್ಕಳ ಹತ್ತರಷ್ಟು ದೊಡ್ಡದು, ಅದನ್ನೂ ತೋರಿಸಿದ. ಆ ಕಡೆಯಿಂದ ಫಂಕ್ಷನ್ನಿಗೆ ಎರಡು ಬಸ್ ಜನ ಕರ್ಕೊಂಡು ಬರೋನು ರಂಗರಾಜು, ಸುಮ್ನಿರಿ ಅಂದ. ಹುಡುಗಿಗೆ ಮುಂದಿನ ವರ್ಷ ನೋಡೋಣವಂತೆ. ಸೀಟು ಮುಂದಿನ ವರ್ಷದವರೆಗೂ ಇವನ ಕಾರಲ್ಲಿ ಎಸಿ ಹಾಕ್ಕೊಂಡು ಕೂತಿರುತ್ತಾ?

ಕಾಫಿ ಕೊಟ್ರು. ಕುಡೀಲಿಲ್ಲ.

ಜುಲೈ 22, ಮಂಗಳವಾರ

ಎರಡು ದಿನ ಬರೀಲಿಲ್ಲ. ಯೋಚನೆ. ಮಗ ತಿಮ್ಮರಾಜು, ಏನಮ್ಮ, ಎರಡು ದಿನದಿಂದ ಯಾರನ್ನೂ ಬೈದಿಲ್ಲ, ಡಾಕ್ಟ್ರಿಗೆ ತೋರಿಸ್ಲಾ ಅಂದ.

ಇವತ್ತು ಸಮಿತಿ ಮೀಟಿಂಗು. ಹನ್ನೊಂದು ಜನ, ಎಲ್ಲಾ ಓದಿದೋರು. ಎದ್ದು ನಿಂತೆ.

ನನ್ನಿಂದ ತಪ್ಪಾಗಿದೆ ಅಂದೆ. ಎರಡು ಮನೆ ಒಟ್ಟಿಗೆ ನೋಡಿದೆ, ಫಾರಂ ಅದಲುಬದಲು ಮಾಡ್ದೆ. ಖಾಲಿ ಮನೆ ಹುಡುಗೀದು, ಫ್ರಿಜ್ಜು ಮನೆ ರಂಗರಾಜುದು. ನಾನು ಓದಿದೋಳಲ್ಲ, ಹೆಸರು ಸರಿಯಾಗಿ ಓದೋಕೆ ಬರಲಿಲ್ಲ.

ಕೊನೇ ಮಾತು ಹೇಳುವಾಗ ನಾಲಿಗೆ ಕಚ್ಕೊಂಡೆ, ನಿಜವಾಗ್ಲೂ. ಯಾರ ಮನೆ ಯಾವುದು ಅನ್ನೋದು ನಿಜ. ಫಾರಂ ಅದಲುಬದಲು ಅಂದಿದ್ದು, ಓದೋಕೆ ಬರಲ್ಲ ಅಂದಿದ್ದು, ಇವೆರಡೇ ಸುಳ್ಳು. ಇದರಲ್ಲಿ ರಂಗಲಕ್ಷ್ಮಮ್ಮನ ಹೆಸರೇ ಇಲ್ಲ. ರಂಗರಾಜು ಬಂದು ಅದು ನಮ್ಮ ಫ್ರಿಜ್ಜಲ್ಲ ಅನ್ನಲಿ ನೋಡೋಣ.

ನಕ್ಕರು. ಒಬ್ಬ ಟೇಬಲ್ ತಟ್ಟಿ ನಕ್ಕ. ಅಶ್ವಥ್ ಅಂದ, "ನಾನು ಮೊದಲೇ ಹೇಳಿದ್ದೆ ಸಾರ್. ಕಾಗದದ ಕೆಲಸ ಇವರಿಗೆ ಬೇಡ, ಫಂಕ್ಷನ್ ದಿನ ಉಪ್ಪಿಟ್ಟು ನೋಡ್ಕೊಳ್ಳಲಿ ಅಂತ." ಕಾರಿಂದ ಇಳಿಯದೋನು! ಇಳಿದಿದ್ರೆ ಇಷ್ಟೆಲ್ಲಾ ಯಾಕೆ? ಉಗುರು ಅಂಗೈಗೆ ಒತ್ತಿ ಹಿಡ್ಕೊಂಡೆ. ಹೌದು ಸ್ವಾಮಿ ಅಂದೆ.

ಅಂಜನಮೂರ್ತಿ ಮಾತ್ರ ನಗಲಿಲ್ಲ. ಪೇಪರಿನೋರಿಗೆ ಗೊತ್ತಾದ್ರೆ ಮರ್ಯಾದೆ ಹೋಗುತ್ತೆ, ನಾಳೆ ನಾನೇ ಹೋಗಿ ನೋಡ್ತೀನಿ ಅಂದ್ರು. ಯಾರಿಗೂ ಫೋನ್ ಮಾಡಬೇಡಿ, ನನ್ನ ತಪ್ಪು ನಾಲ್ಕು ಜನಕ್ಕೆ ಗೊತ್ತಾಗೋದು ಬೇಡ ಅಂತ ಕೈ ಮುಗಿದೆ. ಒಪ್ಪಿದ್ರು, ಅಶ್ವಥ್‌ಗೂ ತಾಕೀತು ಮಾಡಿದ್ರು.

ಜುಲೈ 23, ಬುಧವಾರ. ಸಂಜೆ

ನೋಡಿದ್ರಂತೆ. ಅಧ್ಯಕ್ಷರ ಡ್ರೈವರ್ ಕ್ಯಾಂಟೀನಿಗೆ ಬಂದು ದೋಸೆ ತಿಂತಾ ಹೇಳಿದ. ರಂಗರಾಜು ಮನೇಲಿರಲಿಲ್ಲ. ಅಧ್ಯಕ್ಷರೇ ಬಂದವ್ರೆ ಅಂತ ಅವನ ಹೆಂಡತಿ ಹಿಗ್ಗಿ, ಸೋಫಾದ ಮೇಲೆ ಕೂರಿಸಿ, ಫ್ರಿಜ್ಜಿಂದ ತಣ್ಣಗೆ ಮಜ್ಜಿಗೆ ತಂದುಕೊಟ್ಲಂತೆ. ಅಂಜನಮೂರ್ತಿ ಎರಡು ಲೋಟ ಕುಡಿದ್ರಂತೆ. ಆಮೇಲೆ ಹುಡುಗಿ ಮನೆಗೆ ಹೋಗಿ ಬಾಗಿಲಲ್ಲೇ ನಿಂತು ವಾಪಸ್ ಬಂದ್ರು.

ಡ್ರೈವರಿಗೆ ಇನ್ನೊಂದು ದೋಸೆ ಹಾಕಿಸಿದೆ. ಆದರೆ ಸಿಟ್ಟು ಇಳೀಲಿಲ್ಲ. ಉಳಿದ ಮೂವತ್ತೊಂಬತ್ತು ಮನೆ? ಅಲ್ಲಿ ಯಾರ ಟಿವಿ ಯಾರ ಮನೇಲಿತ್ತೋ. ಅದರಲ್ಲಿ ಎಷ್ಟು ಫಾರಂ ನಾನೇ ತುಂಬಿದ್ದು.

ಜುಲೈ 25, ಶುಕ್ರವಾರ. ಸಂಜೆ 6

ಆಫೀಸಿಗೆ ಕರೆಸಿದ್ರು. ಲಿಸ್ಟ್ ಬದಲಾಗಬೇಕಾದ್ರೆ ಕಾರಣ ಫೈಲಿನಲ್ಲಿರಬೇಕಂತೆ. ಅಶ್ವಥ್ ಟೈಪ್ ಮಾಡಿಸಿದ್ದ. "ದೊಡ್ಡಗಂಗಮ್ಮ ಎಂಬ ನಾನು ಓದುಬರಹ ಬಾರದವಳಾಗಿದ್ದು..." ಅಂತ ಶುರು. ಪೂರ್ತಿ ಓದಿದೆ. ಎರಡು ಕಡೆ ಕಾಗುಣಿತ ತಪ್ಪಿತ್ತು. ಹೇಳಲಿಲ್ಲ. ಕೆಳಗೆ ಇನ್ನೊಂದು ಸಾಲು — ಇನ್ನು ಮುಂದೆ ತಪಾಸಣೆಗೆ ಹೋಗುವುದಿಲ್ಲ.

ಪೆನ್ ತಗೊಂಡೆ. ಅಶ್ವಥ್ ಸ್ಟ್ಯಾಂಪ್ ಪ್ಯಾಡ್ ಮುಂದೆ ತಳ್ಳಿದ.

"ಓದುಬರಹ ಬರಲ್ಲ ಅಂತ ಬರೆದು ಕೆಳಗೆ ಸಹಿ ಮಾಡಿದ್ರೆ ಆಡಿಟ್‌ನೋರು ನಗ್ತಾರೆ ಗಂಗಮ್ಮನೋರೆ. ಹೆಬ್ಬೆಟ್ಟು ಒತ್ತಿಬಿಡಿ."

ಪಕ್ಕದಲ್ಲಿ ಕಾಲೇಜಿನ ಹೆಸರು ಬರೆದ ಚೆಕ್ಕು. ಸಹಿ ಆಗಿತ್ತು. ನಾಳೆ ಕೊನೇ ದಿನ.

ಒತ್ತಿದೆ.

ಮನೆಗೆ ಬಂದು ಸೋಪು ಹಾಕಿದೆ, ಹುಣಸೆಹಣ್ಣು ಹಾಕಿ ಉಜ್ಜಿದೆ. ಹೋಗ್ತಿಲ್ಲ. ಈ ಪುಟಕ್ಕೂ ಮೆತ್ಕೊಂಡಿದೆ.

ಜುಲೈ 26, ಶನಿವಾರ. ಮಧ್ಯಾಹ್ನ

ತನುಶ್ರೀ ಫೋನ್ ಮಾಡಿದ್ಲು, ಕಾಲೇಜಿಂದಲೇ. ಫೀಸು ಕಟ್ಟಿ ರಸೀದಿ ತಗೊಂಡಾಯ್ತಂತೆ. ರಂಗರಾಜು ಊರೆಲ್ಲಾ ಹೇಳ್ಕೊಂಡು ತಿರುಗ್ತಾನಂತೆ, ಯಾವಳೋ ಓದಿಲ್ಲದ ಮುದುಕಿ ನನ್ನ ಮಗನ ಬಾಳು ಹಾಳುಮಾಡಿದ್ಲು ಅಂತ. ಹೇಳ್ಲಿ. ಅವರಮ್ಮನಿಗೆ ಏನೂ ಅಂದಿಲ್ಲ, ನೀರೂ ನಿಲ್ಸಿಲ್ಲ.

ಅಮ್ಮ ಎಲ್ಲಾ ಹೇಳಿದ್ರು ಅಜ್ಜಿ ಅಂತ ಏನೋ ಶುರುಮಾಡಿದ್ಲು. ಸಾಕು ಸುಮ್ನಿರೇ, ಮೊದಲು ಊಟ ಮಾಡು ಹೋಗು ಅಂದೆ.

ಹಾಸ್ಟೆಲ್ ಫಾರಂಗೆ ತುಮಕೂರಲ್ಲೇ ಇರೋ ಗಾರ್ಡಿಯನ್ ಸಹಿ ಬೇಕಂತೆ. ಬೇರೆ ಯಾರೂ ಗೊತ್ತಿಲ್ಲ, ನೀವು ಹಾಕ್ತೀರಾ ಅಂತ ಕೇಳಿದ್ಲು. ಈಗಲೇ ಹೊರಟೆ. ಆಟೋ ಬಂದು ನಿಂತಿದೆ, ತಿಮ್ಮರಾಜು ಕೂಗ್ತಾವ್ನೆ. ಪೂರ್ತಿ ಹೆಸರು ಬರೀತೀನಿ, ಇನಿಷಿಯಲ್ ಸಮೇತ, ಡೊಂಕಿಲ್ದಂಗೆ. ಆ ಅಶ್ವಥ್ ಅಲ್ಲಿಗೂ ಪ್ಯಾಡ್ ಹಿಡ್ಕೊಂಡು ಬಂದಿದ್ರೆ, ಅವನ ಹೆಬ್ಬೆಟ್ಟನ್ನೇ ಅದರಲ್ಲಿ ಅದ್ದಿ... ಬಂದೆ ಕಣೋ, ಬಂದೆ.