ಒಂದೇ ಕೇಬಲ್ಲಿನ ಎರಡು ತುದಿ

ಮನೆಯಿಂದ,
ಮಾರ್ಚ್ ೧೨, ಗುರುವಾರ

ಪ್ರೀತಿಯ ಅಮ್ಮಾ,

ನಿನ್ನ ಸೊಂಟದ ನೋವು ಹೇಗಿದೆ? ದೊಡ್ಡಮ್ಮ ಈಗ ಗೋಡೆ ಹಿಡಿದು ನಾಲ್ಕು ಹೆಜ್ಜೆ ನಡೆಯುತ್ತಾರೆಂದು ಅಪ್ಪ ಹೇಳಿದರು. ಸಂತೋಷವಾಯಿತು. ಅವರನ್ನು ನೀನೊಬ್ಬಳೇ ಎತ್ತಲು ಹೋಗಬೇಡ. ನಾವಿಬ್ಬರೂ ಚೆನ್ನಾಗಿದ್ದೇವೆ. ಅಪ್ಪ ಒಂದು ದಿನ ಅಡುಗೆಗೆ ಉಪ್ಪು ಮರೆತರೆ ಮರುದಿನ ಎರಡು ದಿನದ್ದೂ ಸೇರಿಸಿ ಹಾಕುತ್ತಾರೆ, ಅಷ್ಟೇ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ದನಿ ಕೇಳಿದರೆ ಅತ್ತುಬಿಡುತ್ತೇನೆಂದು ಬರೆಯಲು ಕೂತೆ.

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ನನಗೆ ಕೆಲಸ ಕಲಿಸುವವರ ವಿಷಯ ನಿನಗೆ ಗೊತ್ತಲ್ಲ, ಎಲ್ಲರೂ ತಂತಿಮಾವ ಎನ್ನುವವರು. ಇಪ್ಪತ್ತೆರಡು ವರ್ಷದಿಂದ ಆ ಕಟ್ಟಡದ ಒಂದೊಂದು ಕೇಬಲ್ಲನ್ನೂ ಎಳೆದವರು ಅವರೇ. ನೆಟ್‌ವರ್ಕಿಂಗ್ ಪರೀಕ್ಷೆಗೆ ಇನ್ನು ಮೂರು ವಾರವಿತ್ತು. ಅವರು ಊಟಕ್ಕೆ ಹೋದಾಗ ಎರಡನೇ ಮಹಡಿಯ ವಾರ್ಡಿನಲ್ಲಿ ನಾನೊಬ್ಬಳೇ ಅಭ್ಯಾಸಕ್ಕೆ ಕೂತೆ. ಎಲ್ಲ ಕಂಪ್ಯೂಟರುಗಳ ಕೇಬಲ್ ಬಂದು ಸೇರುವ ಪೆಟ್ಟಿಗೆಯೊಂದಿದೆ. ಒಂದೇ ಕೇಬಲ್ಲಿನ ಎರಡೂ ತುದಿಗಳನ್ನು ಅದೇ ಪೆಟ್ಟಿಗೆಗೆ ಚುಚ್ಚಿ ಎದ್ದು ಬಂದುಬಿಟ್ಟೆ. ಹಾಗೆ ಮಾಡಿದರೆ ಒಳಗಿನ ಸಂದೇಶಗಳು ಗಾಣದೆತ್ತಿನಂತೆ ಅಲ್ಲೇ ಸುತ್ತುತ್ತಿದ್ದು, ಬೇರೆ ಯಾವುದಕ್ಕೂ ದಾರಿ ಸಿಗುವುದಿಲ್ಲ. ಪುಸ್ತಕದ ಏಳನೇ ಪಾಠದಲ್ಲಿ ಇದಿದೆ. ಗೆರೆ ಎಳೆದು ಓದಿದ್ದೆ. ಓದಿದ್ದು ಗೆರೆಯಲ್ಲೇ ಉಳಿದಿತ್ತು.

ನಲವತ್ತು ನಿಮಿಷ ಆ ವಾರ್ಡಿಗೆ ಒಂದು ವರದಿಯೂ ಬರಲಿಲ್ಲ. ಉಸಿರಿಗೆ ಕಷ್ಟಪಡುತ್ತಿದ್ದ ಮುದುಕರೊಬ್ಬರ ರಕ್ತಪರೀಕ್ಷೆಯ ಫಲಿತಾಂಶಕ್ಕೆ ಡಾಕ್ಟರು ಕಾಯುತ್ತಿದ್ದರು. ಕೊನೆಗೆ ಆ ಮುದುಕರ ಮಗಳೇ ಲ್ಯಾಬಿಗೆ ಓಡಿಹೋಗಿ ಚೀಟಿಯಲ್ಲಿ ಬರೆಸಿಕೊಂಡು ಬಂದಳು. ಬರಿಗಾಲಲ್ಲಿದ್ದಳು. ತಂತಿಮಾವ ಬಂದು ಪೆಟ್ಟಿಗೆ ತೆರೆದು, ಕೇಬಲ್ಲಿನ ಒಂದು ತುದಿ ಕಿತ್ತು, ನನ್ನ ಮುಖ ನೋಡಿದರು. ಮೇಲಧಿಕಾರಿ ಎಲ್ಲರ ಮುಂದೆ ಅವರಿಗೆ ವಯಸ್ಸಾಯಿತೆಂದು ಬೈದರು. ನನ್ನ ಹೆಸರು ಹೇಳದೆ ಅವರು ತಲೆ ತಗ್ಗಿಸಿ ನಿಂತಿದ್ದರು. ಪಕ್ಕದಲ್ಲೇ ಇದ್ದ ನನಗೆ ನಾಲಿಗೆ ಏಳಲಿಲ್ಲ ಅಮ್ಮಾ.

ಮೂರನೆಯ ದಿನ ಮೇಲಧಿಕಾರಿಯ ಕೋಣೆಗೆ ಹೋಗಿ ಒಪ್ಪಿಕೊಂಡೆ. ಪರೀಕ್ಷೆ ಪಾಸಾಗುವವರೆಗೆ ವಾರ್ಡಿಗೆ ಕಾಲಿಡಬೇಡ ಎಂದರು. ಹೊರಗೆ ಬಂದು ತಂತಿಮಾವನನ್ನು ಯಾಕೆ ಸುಮ್ಮನಿದ್ದಿರೆಂದು ಕೇಳಿದೆ. ಅವರು ಕೈ ಒರೆಸಿಕೊಳ್ಳುತ್ತಾ, "ನಾನು ಹೇಳಿದ್ರೆ ಅದು ಚಾಡಿ ಆಗ್ತಿತ್ತು ಮಗಾ. ನೀನು ಹೇಳಿದ್ದಕ್ಕೆ ಬೆಲೆ ಬಂತು" ಎಂದರು. ಆ ಮುದುಕರು ಗುಣವಾಗಿ ಮನೆಗೆ ಹೋದರು. ತಡವಾಗಿದ್ದರಿಂದ ಏನೂ ಕೆಡಲಿಲ್ಲವೆಂದು ಡಾಕ್ಟರು ಹೇಳಿದರೂ ಆ ಮಗಳ ಬರಿಗಾಲು ಮಾತ್ರ ನನ್ನ ಕಣ್ಣಿಂದ ಹೋಗಿಲ್ಲ.

ಆಮೇಲಿನ ಓದು ಬೇರೆಯೇ ಆಯಿತು. ಅಲ್ಲಿಯವರೆಗೆ ಗಿಣಿಪಾಠ ಮಾಡುತ್ತಿದ್ದೆ. ಈಗ ಪ್ರತಿ ಸಾಲಿಗೂ, ಇದು ತಪ್ಪಿದರೆ ಯಾರಿಗೆ ಏನಾಗುತ್ತದೆ ಎಂದು ಕೇಳಿಕೊಂಡೆ. ತಂತಿಮಾವ ತಮ್ಮ ಊಟದ ಹೊತ್ತಿನಲ್ಲಿ ಕೂತು ಹೇಳಿಕೊಟ್ಟರು. ಸೋಮವಾರ ಪರೀಕ್ಷೆ ಬರೆದೆ, ಅಂದೇ ಫಲಿತಾಂಶ ಬಂತು, ಪಾಸಾದೆ. ಅಪ್ಪ ಪ್ರಮಾಣಪತ್ರವನ್ನು ಕನ್ನಡಕ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ ನೋಡಿದರು.

ದೊಡ್ಡಮ್ಮನಿಗೆ ನನ್ನ ನಮಸ್ಕಾರ ತಿಳಿಸು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಕಿರಿಮಗಳು

ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ: ಪ್ರಮಾಣಪತ್ರ ಇಲ್ಲದವರನ್ನು ಇನ್ನು ಇಟ್ಟುಕೊಳ್ಳುವುದಿಲ್ಲವಂತೆ. ತಂತಿಮಾವನ ಹತ್ತಿರ ಅದಿಲ್ಲ. ಅವರ ಜಾಗಕ್ಕೆ ಮೇಲಧಿಕಾರಿ ನನ್ನನ್ನು ಕರೆದರು. ಆಗುವುದಿಲ್ಲವೆಂದು ಬರೆದುಕೊಟ್ಟೆ. ನೀನು ಹಾಗೆ ಮಾಡಬೇಡವೆಂದರೆ ನನ್ನ ಮನಸ್ಸು ಬದಲಾದೀತೆಂದು ಈ ಕಾಗದ ಬರೆಯುವ ಮೊದಲೇ ಕೊಟ್ಟುಬಂದೆ. ಹೊಟ್ಟೆಗೆ ಹಾಕಿಕೋ. ಪರೀಕ್ಷೆ ಪಾಸಾಗಲು ತಿಂಗಳ ಕೊನೆಯವರೆಗೆ ಅವರಿಗೆ ಗಡುವು ಕೊಟ್ಟಿದ್ದಾರೆ. ಕೈಗೆ ಗೊತ್ತಿರುವುದನ್ನೆಲ್ಲ ಅವರು ಈಗ ಪುಸ್ತಕದ ಮಾತಿನಲ್ಲಿ ಕಲಿಯಬೇಕು. ದಿನಾ ಊಟದ ಹೊತ್ತಿನಲ್ಲಿ ನಾನು ಓದಿ ಹೇಳುತ್ತಿದ್ದೇನೆ. ಇಂದು ಮೂರನೇ ಪಾಠ ಮುಗಿಯಿತು.