ಕುಬಸಕ್ಕೆ ಬಂದ ಬಂಜೆ

ರಾಯಚೂರು,
೧೮ ನವೆಂಬರ್ ೨೦೨೪

ಗೋಪಕ್ಕನಿಗೆ ತಂಗಿ ಶಶಿಕಲಾಳ ನಮಸ್ಕಾರ.

ನಾನು ನಿನಗೆ ಕಾಗದ ಬರೆದು ಹತ್ತು ವರ್ಷವಾಯಿತೇನೋ. ಫೋನಿನಲ್ಲಿ ಹೇಳಿದರೆ ಒಲೆಯ ಮೇಲೆ ಹಾಲಿದೆ ಎಂದು ಇಟ್ಟುಬಿಡುತ್ತೀ. ಕಾಗದಕ್ಕೆ ಆ ಉಪಾಯ ನಡೆಯುವುದಿಲ್ಲ.

ಮೊನ್ನೆ ಮಾನ್ವಿಯಲ್ಲಿ ನಿನ್ನ ಮಗಳು ಮೌನೇಶ್ವರಿಯ ಕುಬಸ ಚೆನ್ನಾಗಿ ಆಯಿತು. ಏಳು ತಿಂಗಳ ಹೊಟ್ಟೆ, ಹಸಿರು ಸೀರೆ, ದೃಷ್ಟಿ ತಾಗುವ ಹಾಗಿದ್ದಳು. ಗಬ್ಬೂರಿನ ಬೀಗರಿಗೆ ನೀನು ಊಟದಲ್ಲಿ ಏನೂ ಕಡಿಮೆ ಮಾಡಲಿಲ್ಲ. ಕಡಿಮೆ ಮಾಡಿದ್ದು ನನ್ನ ಮಗನನ್ನು ಮಾತ್ರ.

ವಾರದ ಹಿಂದೆ ನೀನು ಫೋನ್ ಮಾಡಿ, ಅಮರೇಶ ಬಸುರಿಯ ಕಣ್ಣಿಗೆ ಬೀಳುವುದು ಒಳ್ಳೆಯದಲ್ಲ, ‘ಒಂದ್ ದಿನ ಎಲ್ಲ್ಯಾರ ಬಿಟ್ಟು ಬಾರವ್ವಾ’ ಎಂದೆ. ಅವನಿಗೆ ಒಂಬತ್ತು ವರ್ಷ. ಮಾತು ಬಂದಿಲ್ಲ, ಗದ್ದಲವಾದರೆ ಕಿವಿ ಮುಚ್ಚಿಕೊಂಡು ಸುತ್ತುತ್ತಾನೆ. ಅದು ಅಂಟುವ ರೋಗವಲ್ಲ ಅಕ್ಕಾ. ಅಂಟುವುದಿದ್ದರೆ ಮೌನಿಗೆ ಎಂದೋ ಅಂಟಬೇಕಿತ್ತು. ಡಿಗ್ರಿ ಓದುವಾಗ ಮೂರು ವರ್ಷ ನನ್ನ ಮನೆಯಲ್ಲೇ ಇದ್ದಳಲ್ಲ. ಅವಳು ಕಲಸಿದ ಮೊಸರನ್ನವನ್ನೇ ಅವನು ಉಣ್ಣುತ್ತಿದ್ದ. ಅವಳ ಚಪ್ಪಲಿಯ ಸದ್ದು ಗುರುತು ಹಿಡಿದು ಬಾಗಿಲಿಗೆ ಬಂದು ಕೂರುತ್ತಿದ್ದ.

ಆದರೂ ಬಿಟ್ಟು ಬಂದೆ. ಎಲ್ಲಿ ಬಿಟ್ಟೆ ಎಂದು ನೀನು ಕೇಳಲಿಲ್ಲ, ನಾನೇ ಹೇಳುತ್ತೇನೆ. ಇವರಿಗೆ ಅಂದು ಶಕ್ತಿನಗರದಲ್ಲಿ ಡ್ಯೂಟಿ. ಅಮರೇಶ ಹೋಗುವ ತರಬೇತಿ ಕೇಂದ್ರಕ್ಕೆ ಬಳೆ ಅಂಗಡಿಯ ಮಹಬೂಬೀಯೂ ತನ್ನ ಮಗಳು ಸೈಮಾಳನ್ನು ಕರೆತರುತ್ತಾಳೆ. ಸೈಮಾಳೂ ಇವನ ಹಾಗೆಯೇ. ಹೊರಗಿನ ಬೆಂಚಿನ ಮೇಲೆ ಮಹಬೂಬೀ ಇಬ್ಬರನ್ನೂ ಹಿಡಿದುಕೊಂಡಾಗ ನಾನು ಉಣ್ಣುತ್ತೇನೆ, ನಾನು ಹಿಡಿದುಕೊಂಡಾಗ ಅವಳು. ನಾಲ್ಕು ವರ್ಷದಿಂದ ನನ್ನ ಬಳಗ ಅಂದರೆ ಅಷ್ಟೇ. ‘ಹೋಗಿ ಬಾ ಶಶಿ, ಎರಡೂ ನನ್ನವೇ’ ಎಂದಳು. ಬಸುರಿಗೆಂದು ಒಂದು ಕಟ್ಟು ಹಸಿರು ಬಳೆಯನ್ನೂ ಕೊಟ್ಟು ಕಳಿಸಿದಳು.

ಆ ಬಳೆ ಹಿಡಿದು ಉಡಿ ತುಂಬಲು ಎದ್ದೆ. ಮೌನಿಯ ಅತ್ತೆ ನನ್ನ ಕೈಯಿಂದ ಅಕ್ಕಿಯ ತಟ್ಟೆ ತೆಗೆದುಕೊಂಡು, ಮೆತ್ತಗೇ, ‘ಮಕ್ಕಳಾಗಲಾರದಾಕಿ ಉಡಿ ತುಂಬಬಾರ್ದವ್ವಾ, ತಪ್ಪು ತಿಳೀಬ್ಯಾಡ’ ಎಂದರು. ನನಗೆ ಅರ್ಥವೇ ಆಗಲಿಲ್ಲ. ಬೇರೆ ಯಾರಿಗೋ ಹೇಳುತ್ತಿದ್ದಾರೆಂದು ಹಿಂದೆ ತಿರುಗಿ ನೋಡಿದೆ. ಆಗ ನಿನ್ನ ಮುಖ ಕಂಡಿತು.

ಸಂಬಂಧ ಕುದುರಿಸುವಾಗಲೇ ತಂಗಿಗೆ ಮಕ್ಕಳಿಲ್ಲ ಎಂದು ಹೇಳಿದ್ದೆಯಂತೆ. ಮದುವೆಗೂ ಅಮರೇಶನನ್ನು ತರಬೇಡ, ಜನ ಕಂಡರೆ ಹೆದರುತ್ತಾನೆ ಎಂದಾಗ ನಿನ್ನ ಕಾಳಜಿ ಕಂಡು ಕಣ್ಣು ತುಂಬಿಕೊಂಡವಳು ನಾನು. ಎಂಥ ಹುಚ್ಚಿ. ಮನೆತನದಲ್ಲಿ ಇಂಥ ಮಗುವಿದೆ ಎಂದರೆ ಸಂಬಂಧ ತಪ್ಪಿಹೋದೀತು ಎಂದು ನೀನು ಹೆದರಿದ್ದೆ. ಆ ಹೆದರಿಕೆ ನನಗೆ ಗೊತ್ತಿಲ್ಲದ್ದಲ್ಲ. ಆದರೆ ಅದಕ್ಕೆ ಇರುವ ಮಗನನ್ನು ಇಲ್ಲ ಎನ್ನುವುದೇ? ಬೀಗತಿಯ ಶಾಸ್ತ್ರದ ಮೇಲೆ ನನಗೆ ಸಿಟ್ಟಿದೆ, ಆದರೆ ಅವರು ನನ್ನ ಅಕ್ಕ ಅಲ್ಲ.

ಮೌನಿ ತಲೆ ಎತ್ತಲಿಲ್ಲ, ಸೀರೆಯ ಅಂಚು ಮಡಚುತ್ತಾ ಕುಳಿತಿದ್ದಳು. ನೀನು ‘ಊಟಕ್ಕ ಏಳ್ರೆವ್ವಾ’ ಎಂದು ಎಲ್ಲರನ್ನೂ ಎಬ್ಬಿಸಿದೆ. ನಾನೂ ಸಾಲಿನಲ್ಲಿ ಕುಳಿತು ಹೋಳಿಗೆ ತಿಂದೆ. ನನಗೊಬ್ಬ ಮಗನಿದ್ದಾನೆ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಮೌನಿಯ ಬಾಳಿಗೆ ಕಲ್ಲು ಹಾಕಬಾರದೆಂದು ಸುಮ್ಮನಿದ್ದೆ ಎಂದು ನನಗೆ ನಾನೇ ಹೇಳಿಕೊಂಡೆ.

ಹೊರಡುವಾಗ ಬಾಣಂತನಕ್ಕೆ ಬಾ ಎಂದೆಯಲ್ಲ, ಬರುವುದಿಲ್ಲ. ಮೌನಿಗೆ ಬೇಕೆನಿಸಿದರೆ ಅವಳೇ ಇಲ್ಲಿಗೆ ಬರಲಿ. ಅವಳ ಬಳೆ ಇನ್ನೂ ನನ್ನ ಚೀಲದಲ್ಲೇ ಇವೆ.

ಇಂತಿ,
ಅಮರೇಶನ ತಾಯಿ
ಶಶಿಕಲಾ

ತಾ. ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಲಾರೆ. ಬರುವಾಗ ಬಸ್ಸಿನಲ್ಲಿ ಪಕ್ಕದ ಮುದುಕಿ ‘ಎಷ್ಟ್ ಮಕ್ಕಳವ್ವಾ ನಿನಗ?’ ಎಂದು ಕೇಳಿದಳು. ಅಲ್ಲಿ ಬೀಗರಿರಲಿಲ್ಲ, ನೀನಿರಲಿಲ್ಲ, ಮುರಿದುಬೀಳುವ ಸಂಬಂಧವೂ ಇರಲಿಲ್ಲ. ಇಲ್ಲ ಎಂದೆ. ಅವಳು ಮರುಗಿ ಒಂದು ಹಿಡಿ ಶೇಂಗಾ ಕೊಟ್ಟಳು. ತಿನ್ನುತ್ತಾ, ಕಿಟಕಿಯಾಚೆ ನೋಡುತ್ತಾ, ರಾಯಚೂರು ಬರುವವರೆಗೂ ಹಾಯಾಗಿದ್ದೆ. ಮಹಬೂಬೀಯ ಮನೆ ಮುಟ್ಟಿದಾಗ ಅಮರೇಶ ನನ್ನ ಚಪ್ಪಲಿಯ ಸದ್ದು ಕೇಳಿ ಆಗಲೇ ಬಾಗಿಲಿಗೆ ಬಂದು ಕುಳಿತಿದ್ದ.