ಬೇಲಿ ಹಾಕಿದ ಹುಲ್ಲು

೧೪ ಸೆಪ್ಟೆಂಬರ್ ೨೦೧೦, ಬೆಳಿಗ್ಗೆ ೮

ಐವತ್ತು ಸಲ ಬಲೆ ಬೀಸಿದೆ. ಬೇಲಿಯೊಳಗೆ ಹದಿನಾಲ್ಕು ಬಗೆಯ ಹುಳ. ಬೇಲಿಯಾಚೆ, ಊರ ದನಕ್ಕಷ್ಟೇ ಬಿಟ್ಟ, ಅವು ಅಲ್ಲಲ್ಲಿ ಮೇಯುವ ಇಳಿಜಾರಿನಲ್ಲಿ ಮೂವತ್ತೊಂದು. ತಪ್ಪಿರಬೇಕೆಂದು ಮತ್ತೆ ಬೀಸಿದೆ. ಅದೇ.

ಸಾವಳಗಿಯ ಈ ಮಡ್ಡಿಗೆ, ಊರ ಕಲ್ಲು ಹುಲ್ಲುಗಾವಲಿಗೆ, ತಂತಿಬೇಲಿ ಹಾಕಿ ಎರಡು ವರ್ಷ. ಹಾಕಿಸಿದ್ದು ನನ್ನ ವರದಿ — ಕುರಿ ಮೇಯಿಸಿದರೆ ಕೀಟ ನಾಶ, ಅಂತ. ಒಂದೇ ಬೇಸಿಗೆಯ ಎಣಿಕೆ. ಬೇಸಿಗೆಯಲ್ಲಿ ಎಲ್ಲೆಲ್ಲೂ ಹುಳ ಕಡಿಮೆಯೇ ಎಂಬುದು ಪ್ರಾಣಿಶಾಸ್ತ್ರ ಪಾಠ ಮಾಡುವ ನನಗೆ ಹೊಳೆಯಬೇಡವೇ! ಪಂಚಾಯಿತಿಯವರು ನಂಬಿದರು. ಇಲ್ಲಿ ಕುರಿ ಕಾಯುತ್ತಿದ್ದ ಯಲ್ಲಕ್ಕ ಅಂದಿನಿಂದ ರಸ್ತೆ ಬದಿ ಮೇಯಿಸುತ್ತಾಳೆ.

೨೨ ಸೆಪ್ಟೆಂಬರ್

ಜಮಖಂಡಿ ರಸ್ತೆಯಲ್ಲಿ ಯಲ್ಲಕ್ಕ ಸಿಕ್ಕಳು. ಮರೆಮಾಚದೆ ಕೇಳಿದೆ — ಬೇಲಿಯೊಳಗೆ ಹುಳ ಯಾಕೆ ಕಡಿಮೆ?

"ಹುಲ್ಲು ಒಂದರ ಮ್ಯಾಲೊಂದು ಬಿದ್ದು ಹಾಸಿಗಿ ಆಗೇತ್ರಿ ಅಕ್ಕೋರ. ನೆಲಕ್ಕ ಬಿಸಲ ತಾಗಂಗಿಲ್ಲ. ಕುರಿ ಹಿಕ್ಕಿ ಇಲ್ಲ, ಸಗಣಿ ಹುಳ ಏನ್ ತಿನ್ನಾಕ ಬರಬೇಕು?"

ಕೋಲಿನಿಂದ ರಸ್ತೆ ತೋರಿಸಿ, "ಹ್ವಾದ ವರ್ಷ ಕಬ್ಬಿನ ಟ್ರ್ಯಾಕ್ಟರಿಗೆ ಎರಡು ಮರಿ ಸಿಕ್ಕು ಸತ್ತೂರಿ, ಇಲ್ಲೇ."

ಎರಡನ್ನೂ ಬರೆದುಕೊಂಡೆ.

೯ ಅಕ್ಟೋಬರ್

ಪಂಚಾಯಿತಿ ಸದಸ್ಯ ಅಣ್ಣಾಸಾಹೇಬ ಬೇಲಿಯೊಳಗಿನ ಹುಲ್ಲು ಕೊಯ್ಯಲು ಮಿಷನ್ ತರಿಸಿದ್ದಾರೆ, ಹೈನದ ದನಗಳ ಮೇವಿಗೆ. ಓಡಿ ಹೋದೆ.

"ಅರ್ಧ ಬಿಡ್ರಿ ಸರ್. ಎಲ್ಲಾ ಒಮ್ಮೆಲೆ ಕೊಯ್ದರ ಹುಳಕ್ಕ ಹೋಗಾಕ ಜಾಗಾನ ಇಲ್ಲ."

"ಮಿಷನ್ ಎರಡೆರಡ ಸಲ ಬರಂಗಿಲ್ಲ ಮೇಡಂ. ಬೇಲಿ ಹಾಕ್ರಿ ಅಂದಾವರು ನೀವ!"

ಸಂಜೆಯೊಳಗೆ ನೆಲ ಬೋಳು. ಮಿಷನ್ ಹಿಂದೆಯೇ ಬೆಳ್ಳಕ್ಕಿಗಳು. ಅಡಗಲು ಹುಲ್ಲಿಲ್ಲದ ಮಿಡತೆ, ಕಂಬಳಿಹುಳ — ಹೆಕ್ಕಿ ಹೆಕ್ಕಿ ತಿಂದವು.

೧೨ ಅಕ್ಟೋಬರ್

ಎರಡೇ ಬಗೆ.

೨ ನವೆಂಬರ್

ಧಾರವಾಡದ ನನ್ನ ಪಿಎಚ್‌ಡಿ ಗೈಡ್‌ಗೆ ಫೋನ್ ಮಾಡಿದೆ. "ವರದಿ ಈಗಲೇ ತಿದ್ದಬೇಡಿ. ಅದರ ಮೇಲೆ ಬರೆದ ನಿಮ್ಮ ಮೊದಲ ಪ್ರಬಂಧವೂ ಬಿದ್ದುಹೋಗುತ್ತದೆ. ಇನ್ನೆರಡು ವರ್ಷ ಎಣಿಸಿ."

ಖರೆ, ಎಣಿಸಬೇಕು. ಆದರೆ ಅಲ್ಲಿಯವರೆಗೆ ಯಲ್ಲಕ್ಕ ರಸ್ತೆಯಲ್ಲೇ…

೧೯ ನವೆಂಬರ್

ಗ್ರಾಮಸಭೆ. ಎದ್ದು ನಿಂತೆ. ನನ್ನ ವರದಿ ತಪ್ಪು ಎಂದೆ. ಮಡ್ಡಿಯನ್ನು ಮೂರು ಭಾಗ ಮಾಡಿ — ಒಂದರಲ್ಲಿ ಕುರಿ, ಒಂದರಲ್ಲಿ ಕೊಯ್ಲು, ಒಂದು ಖಾಲಿ. ವರ್ಷ ವರ್ಷ ಬದಲಿಸಿ.

"ಆವಾಗ ಹಂಗಂದ್ರಿ, ಈಗ ಹಿಂಗಂತೀರಿ. ನಾಳಿಗೆ?" ಅಣ್ಣಾಸಾಹೇಬ ಕೇಳಿದರು. ಜನ ನಕ್ಕರು.

"ನಾಳಿದು ಗೊತ್ತಿಲ್ರಿ. ಎಣಿಸಿ ಹೇಳತೇನಿ."

ವಾದ ಒಂದು ತಾಸು ನಡೆಯಿತು. ಮೇವಿಗೆ ಒಂದು ಭಾಗ ಹೇಗೂ ಸಿಗುತ್ತದಲ್ಲ ಎಂದು ಕೊನೆಗೆ ಒಪ್ಪಿದರು, ಒಂದು ವರ್ಷದ ಮಟ್ಟಿಗೆ.

ಹೊರಗೆ ಯಲ್ಲಕ್ಕ ನಿಂತಿದ್ದಳು. ನನ್ನ ಮೇಲೆ ಸಿಟ್ಟಿತ್ತೇ ಎಂದೆ.

"ಇತ್ತರಿ. ಇನ್ನೂ ಐತಿ. ನಾಳಿಂದ ಕುರಿ ಯಾವ ಕಡೆ ಬಿಡ್ಲಿ, ಅದನ್ನ ಹೇಳ್ರಿ."

೨೬ ಜುಲೈ ೨೦೧೧, ಬೆಳಿಗ್ಗೆ ೯

ಮಡ್ಡಿಯಲ್ಲೇ ಕೂತು ಬರೆಯುತ್ತಿದ್ದೇನೆ. ಕುರಿ ಮೇಯ್ದ ಭಾಗದಲ್ಲಿ ಇಪ್ಪತ್ತಾರು. ಕೊಯ್ಲಿನದರಲ್ಲಿ ಹನ್ನೊಂದು. ಖಾಲಿ ಬಿಟ್ಟಲ್ಲಿ ಇಪ್ಪತ್ತು. ಅದರಲ್ಲಿ ಏಳು ಬೇರೆಲ್ಲೂ ಇಲ್ಲದವು. ಅದೂ ಬೇಕು, ಇದೂ ಬೇಕು.

ಯಲ್ಲಕ್ಕ ಕೂಗಿದಳು. ಕುರಿ ತುಳಿದ ಬರಿನೆಲದಲ್ಲಿ ಸಣ್ಣ ತೂತುಗಳು, ಒಂದೊಂದರಲ್ಲೂ ಕರಿಬಣ್ಣದ ಪುಟ್ಟ ಜೇನು. ಹೆಸರು ಗೊತ್ತಿಲ್ಲ ಎಂದೆ.

"ನಮಗ ಗೊತ್ತೈತ್ರಿ. ಬರ್ಕೋರಿ," ಎಂದು ಪಕ್ಕದಲ್ಲೇ ಕೂತಳು. "ಇದಕ್ಕ ನಮ್ಮವ್ವ ಅಂತಿದ್ದದ್ದು—" ಹೊಸ ಪುಟ ತೆರೆದೆ.